ನಾಯಿಯ ನಾಲಿಗೆಯ ನುಡಿ

ಹೊಲದಿಂದ ಬೆವರಿ ಬಂದ ಒಡೆಯನನ್ನು ಕಂಡೊಡನೆ ನಾಯಿ ಬಾಲವಾಡಿಸುತ್ತ ಓಡಿಬಂದು ಅವನ ಕೈ ನೆಕ್ಕುವ ನೋಟ ಔರಾದ, ಭಾಲ್ಕಿಯ ಹಳ್ಳಿಗಳಲ್ಲಿಯೂ ಬೀದರ ನಗರದ ಓಣಿಗಳಲ್ಲಿಯೂ ನಮಗೆಲ್ಲ ಪರಿಚಿತವಾದುದೇ. ಇದು ಬೆವರಿನ ಉಪ್ಪಿನ ಆಸೆಯೆಂದು ಕೆಲವರು, ಬರಿಯ ಪ್ರೀತಿಯೆಂದು ಹಲವರು ಹೇಳುವರು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಮೂಲ ಕಾರಣವನ್ನು ಅರಿಯಲು ಇನ್ನೂ ಹಿಂದಕ್ಕೆ ಹೋಗಬೇಕು.

ನಾಯಿಯ ಪೂರ್ವಜ ತೋಳ. ಬೇಟೆ ಮುಗಿಸಿ ಬಂದ ತಾಯಿತೋಳವನ್ನು ಮರಿಗಳು ಮುತ್ತಿಕೊಂಡು ಅದರ ಬಾಯಿಯನ್ನು ನೆಕ್ಕುತ್ತವೆ. ಆಗ ತಾಯಿ ತಾನು ನುಂಗಿದ ಮಾಂಸವನ್ನು ಕಾರಿ ಅವುಗಳಿಗೆ ಉಣಿಸುತ್ತದೆ. ಅಂದಮೇಲೆ ನೆಕ್ಕುವುದು ಮೊದಲಿಗೆ ಉಣಿಸು ಬೇಡುವ ಭಾಷೆ. ಬೆಳೆದ ಮೇಲೆ ಅದೇ ಗುಂಪಿನ ಹಿರಿಯರ ಮುಂದೆ ತೋರುವ ವಿನಯವಾಗುತ್ತದೆ. ಇದಲ್ಲದೆ, ತಾಯಿನಾಯಿ ಹುಟ್ಟಿದ ಮರಿಯನ್ನು ನೆಕ್ಕಿಯೇ ಶುಚಿಗೊಳಿಸುತ್ತದೆ. ಮೊದಲ ಎರಡು ಮೂರು ವಾರ ಆ ಸ್ಪರ್ಶವಿಲ್ಲದೆ ಮರಿಗೆ ಮಲಮೂತ್ರ ವಿಸರ್ಜನೆಯೂ ಸುಗಮವಾಗದು. ಹೀಗೆ ವಾತ್ಸಲ್ಯದ ಮೊದಲ ಅನುಭವ ಅದಕ್ಕೆ ನಾಲಿಗೆಯಿಂದಲೇ ಆಗುತ್ತದೆ.

ಮನುಷ್ಯನ ಮನೆ ಸೇರಿದ ನಾಯಿಗೆ ರೊಟ್ಟಿ ಹಾಕುವವರೇ ತಾಯಿ, ಅವರೇ ಹಿರಿಯರು. ನೆಕ್ಕಿದಾಗಲೆಲ್ಲ ನಾವು ಅದರ ತಲೆ ಸವರಿದರೆ ಆ ಅಭ್ಯಾಸ ಮತ್ತಷ್ಟು ಬಲಿಯುತ್ತದೆ.

ಭಾಲ್ಕಿ ತಾಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಗುಡಿಯುಂಟು. ಮೈಲಾರನ ಭಕ್ತರಿಗೆ ನಾಯಿ ದೇವರ ಸಂಗಾತಿ. ಇಂತಹ ಆದರ ಇರಬೇಕಾದುದೇ. ಆದರೆ ‘ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ’ ಎಂಬ ನಂಬಿಕೆ ಮಾತ್ರ ಅಪಾಯಕರ. ಹುಚ್ಚುನಾಯಿ ರೋಗದ ವಿಷಾಣು, ಅಂದರೆ ರೇಬೀಸ್ ವೈರಸ್, ರೋಗ ತಗುಲಿದ ನಾಯಿಯ ಜೊಲ್ಲಿನಲ್ಲಿರುತ್ತದೆ. ಹುಚ್ಚಿನ ಲಕ್ಷಣ ಕಾಣುವುದಕ್ಕೆ ಕೆಲವು ದಿನ ಮೊದಲೇ ಅದು ಅಲ್ಲಿ ಸೇರಿರಬಹುದು. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಆ ರೋಗದ ಭಯವಿಲ್ಲ. ಗಾಯ, ತರಚು, ಕಣ್ಣು, ಬಾಯಿಗಳಿಗೆ ಜೊಲ್ಲು ತಾಕಿದರೆ ಉದಾಸೀನ ಸಲ್ಲದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಕಣ್ಣು, ಬಾಯಿಗಳನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಬೇಕು. ಅರಿಸಿನ, ಸುಣ್ಣ, ಖಾರ ಹಚ್ಚುತ್ತ ಕೂಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಅದಕ್ಕೆ ಮೊದಲೇ ಲಸಿಕೆ ದೊರೆತರೆ ಪ್ರಾಣ ಉಳಿಯುತ್ತದೆ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಈ ದಾರಿಯನ್ನು ತೋರಿಸಿಕೊಟ್ಟನು.

ಪಶುವೈದ್ಯ ವಿಶ್ವವಿದ್ಯಾಲಯವನ್ನೇ ಪಡೆದಿರುವ ಬೀದರಿನವರಾದ ನಾವು, ನಮ್ಮ ಬಾಗಿಲು ಕಾಯುವ ನಾಯಿಗೆ ತಪ್ಪದೆ ಲಸಿಕೆ ಹಾಕಿಸಬೇಕು. ಅದು ನೆಕ್ಕಿ ಬೇಡುವುದು ಒಂದು ತುತ್ತು, ಒಂದಿಷ್ಟು ಅಕ್ಕರೆ. ಅವೆರಡರ ಜೊತೆಗೆ ಅದು ಬೇಡಲರಿಯದ ಈ ಮೂರನೆಯದನ್ನು ಕೊಡಿಸುವುದು ಒಡೆಯನ ಹೊಣೆ.