ಹಿಂದಿನ ಬೆಂಚಿನ ಮಾತು

ಕೆಲವು ವರ್ಷಗಳ ಹಿಂದಿನ ಮಾತು. ಶಾಲೆಯೊಂದರಲ್ಲಿ ಪೋಷಕ-ಶಿಕ್ಷಕರ ಸಭೆ. ಸ್ವಾಗತ, ವರದಿ, ಶುಲ್ಕದ ವಿಚಾರ, ವಂದನಾರ್ಪಣೆ ಎಂದು ಒಂದೂವರೆ ಗಂಟೆ ಕಳೆಯಿತು. ಮಾತನಾಡಿದವರು ನಾಲ್ವರು ಮಾತ್ರ. ಮುಗಿದ ಮೇಲೆ ತಾಯಿಯೊಬ್ಬರು ಗೇಟಿನ ಬಳಿ ಮೆಲ್ಲನೆ ಹೇಳಿದರು: "ನಮ್ಮ ಹುಡುಗನಿಗೆ ಬೋರ್ಡಿನ ಅಕ್ಷರ ಕಾಣಲ್ವಂತೆ ಫಾದರ್. ಅಷ್ಟು ಜನರ ಮುಂದೆ ಹೆಂಗೆ ಹೇಳೋದು?" ಆ ಬಾಲಕ ದಡ್ಡನೆಂದು ಶಾಲೆ ಆಗಲೇ ತೀರ್ಮಾನಿಸಿತ್ತು. ಅವನಿಗೆ ಬೇಕಾಗಿದ್ದುದು ಒಂದು ಕನ್ನಡಕ. ಸಭೆಯ ಅಧ್ಯಕ್ಷತೆ ವಹಿಸಿದ್ದವನು ನಾನೇ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಗಳಲ್ಲಿ ಮುಕ್ಕಾಲು ಭಾಗ ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಕಾಯ್ದೆಯ ಒತ್ತಾಯವಿಲ್ಲದೆಡೆ ಮನಸ್ಸಾಕ್ಷಿಯ ಹೊಣೆ ಹಿರಿದು. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆಯಲ್ಲವೆ?

ಹಾಗಾದರೆ ಪೋಷಕರ ಸಂಘವನ್ನು ಮುನ್ನಡೆಸುವುದೆಂದರೇನು? ತತ್ವಜ್ಞಾನಿ ಸಾಕ್ರೆಟಿಸನ ತಾಯಿ ಸೂಲಗಿತ್ತಿ. ತನ್ನದೂ ಅದೇ ಕಸುಬು, ಇತರರ ಒಳಗಿನ ವಿಚಾರವನ್ನು ಹೊರತರುವುದು ಎಂದು ಅವನು ಹೇಳಿಕೊಳ್ಳುತ್ತಿದ್ದನಂತೆ. ನಮ್ಮ ಜಿಲ್ಲೆಗೆ ಈ ಹೋಲಿಕೆ ಹೊಸದಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಸೂಲಗಿತ್ತಿ ತಾನು ಹೆರುವುದಿಲ್ಲ. ಹೆರುವವಳಿಗೆ ಧೈರ್ಯ ತುಂಬುತ್ತಾಳೆ. ಅಧ್ಯಕ್ಷನ ಕೆಲಸವೂ ಅಷ್ಟೇ.

ಇದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ ಕೂಲಿಗೆ ಹೋಗುವ ತಾಯಿಗೆ ಹಗಲು ಹನ್ನೊಂದರ ಸಭೆಯೆಂದರೆ ಕೂಲಿ ಕಳೆದಂತೆ. ಆದ್ದರಿಂದ ಅವರ ಬಿಡುವನ್ನು ಕೇಳಿ ವೇಳೆ ಗೊತ್ತುಮಾಡಬೇಕು. ಭಾಷಣಗಳನ್ನು ಕಡಿಮೆ ಮಾಡಿ, ತರಗತಿವಾರು ಚಿಕ್ಕ ಗುಂಪುಗಳಲ್ಲಿ ಕೂರಿಸಿದರೆ ಮೌನಿಗಳೂ ಬಾಯಿ ತೆರೆಯುತ್ತಾರೆ. ಒಂದು ಮಗುವಿನ ಕಷ್ಟವನ್ನು ಸಭೆಯಲ್ಲಿ ಎತ್ತದೆ, ಶಿಕ್ಷಕರೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶವಿರಬೇಕು. ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆಯೂ ಆಗಬಾರದು. ಅವರಿಗೂ ಹೇಳಿಕೊಳ್ಳಲು ಕಷ್ಟಗಳಿವೆ. ಹಿಂದಿನ ಸಭೆಯ ತೀರ್ಮಾನಗಳಲ್ಲಿ ಯಾವುದು ನೆರವೇರಿತು, ಯಾವುದು ಉಳಿಯಿತು ಎಂಬುದನ್ನು ಮೊದಲು ಓದಬೇಕು. ತಮ್ಮ ಮಾತಿಗೆ ಬೆಲೆಯಿದೆಯೆಂದು ಕಂಡವರು ಮತ್ತೆ ಬರುತ್ತಾರೆ.

ಪ್ರಿಯ ಪೋಷಕರೇ, ಮುಂದಿನ ಸಭೆಯಲ್ಲಿ ನೀವು ಮುಂದಿನ ಸಾಲಿನವರಾಗಿದ್ದರೆ ಒಮ್ಮೆ ಹಿಂದಿರುಗಿ ನೋಡಿ. ಅಲ್ಲಿ ಸುಮ್ಮನೆ ಕುಳಿತವರ ಪಕ್ಕಕ್ಕೆ ಹೋಗಿ ಕುಳಿತು, "ನಿಮ್ಮ ಮಗು ಹೇಗಿದೆ?" ಎಂದು ಕೇಳಿ. ಗೇಟಿನ ಬಳಿ ಹೊರಡುವ ಮಾತು ಸಭೆಯೊಳಗೇ ಹೊರಟೀತು.