ಜಾಲಿಯ ಮರಗಳು: ಅವುಗಳ ಜಾತಿಭೇದ, ಬೀಜಪ್ರಸಾರ ಮತ್ತು ಉಪಯೋಗಗಳು

ಬೆಂಗಳೂರಿಗೆ ಪಶ್ಚಿಮದಲ್ಲಿ ಕೆಂಗೇರಿ, ಉಲ್ಲಾಳ, ಕೊಮ್ಮಘಟ್ಟ ಮೊದಲಾದ ಗ್ರಾಮಗಳ ಸುತ್ತಿನಲ್ಲಿ ಬದುವಿನ ಮೇಲಾಗಲಿ ಕೆರೆಯ ಅಂಗಳದಲ್ಲಾಗಲಿ ಮುಳ್ಳುಳ್ಳ ಮರವೊಂದು ಕಂಡರೆ ಜನರು ಅದನ್ನು ಜಾಲಿ ಎಂದು ಕರೆದುಬಿಡುವರು. ಈ ಒಂದು ಹೆಸರಿನ ಕೆಳಗೆ ಗುಣದಲ್ಲಿಯೂ ಹುಟ್ಟಿದ ದೇಶದಲ್ಲಿಯೂ ಬೇರೆಬೇರೆಯಾದ ಐದಾರು ಜಾತಿಗಳು ಸೇರಿಕೊಂಡಿವೆ. ಅವುಗಳಲ್ಲಿ ಒಂದು ನೇಗಿಲಿಗೂ ಗಾಡಿಗೂ ಒದಗಿದುದು. ಮತ್ತೊಂದರ ಎಲೆ ಮತ್ತು ಕಾಯಿ ಹಸಿದ ಆಡುಕುರಿಗಳಿಗೆ ವಿಷವಾಗಬಲ್ಲುದು. ಇನ್ನೊಂದು ಒಮ್ಮೆ ಬೇರುಬಿಟ್ಟಿತೆಂದರೆ ಹೊಲವನ್ನು ಬಿಟ್ಟು ಹೋಗದು. ಆದುದರಿಂದ ಬೀಜವನ್ನು ಬಿತ್ತುವ ಮೊದಲೂ, ಮರವನ್ನು ಕಡಿಯುವ ಮೊದಲೂ, ಅದು ಯಾವ ಜಾಲಿ ಎಂಬುದನ್ನು ರೈತರು ಗೊತ್ತುಮಾಡಿಕೊಳ್ಳತಕ್ಕದ್ದು.

ಈ ಸೀಮೆಗೆ ಈ ಗಿಡಗಳ ನಂಟು ಹೊಸದಲ್ಲ. ಮಾಗಡಿ ರಸ್ತೆಯ ಸೀಗೆಹಳ್ಳಿ, ಕನಕಪುರ ರಸ್ತೆಯ ಕಗ್ಗಲೀಪುರ ಎಂಬ ಊರುಗಳ ಹೆಸರಿನಲ್ಲಿಯೇ ಜಾಲಿಯ ಬಳಗಕ್ಕೆ ಸೇರಿದ ಎರಡು ಗಿಡಗಳ ಹೆಸರು ಕೇಳಿಬರುವುದು.

ಮುಳ್ಳು, ಹೂ, ಕಾಯಿ ಈ ಮೂರನ್ನು ನೋಡಿದರೆ ಜಾತಿಯನ್ನು ಗುರುತಿಸುವುದು ಕಷ್ಟವಲ್ಲ. ಕರಿಜಾಲಿ ಅಥವಾ ಗೊಬ್ಬಳಿಯ ತೊಗಟೆ ಕಪ್ಪಾಗಿ ಉದ್ದುದ್ದವಾಗಿ ಸೀಳಿರುವುದು. ಎಲೆಯ ಬುಡದಲ್ಲಿ ನೆಟ್ಟಗಿರುವ ಬಿಳಿಯ ಮುಳ್ಳುಗಳು ಜೋಡಿಯಾಗಿರುವುವು. ಹೂಗಳು ಅರಿಸಿನ ಬಣ್ಣದ ಸಣ್ಣ ಚೆಂಡುಗಳಂತಿರುವುವು. ಕಾಯಿಯು ಬೂದಿ ಬಣ್ಣದ್ದಾಗಿ, ಪ್ರತಿಯೊಂದು ಬೀಜದ ನಡುವೆಯೂ ಹಿಸುಕಿದಂತೆ ಸಣ್ಣದಾಗಿ, ಪೋಣಿಸಿದ ಮಣಿಸರದಂತೆ ಕಾಣುವುದು. ಈ ಕಾಯಿಯನ್ನು ಒಮ್ಮೆ ನೋಡಿದವರು ಮತ್ತೆ ಮರೆಯಲಾರರು. ಬಿಳಿಜಾಲಿಯ ತೊಗಟೆ ಹೆಸರಿಗೆ ತಕ್ಕಂತೆ ಬೆಳ್ಳಗೆ. ಅದರ ಹೂಗಳೂ ಮಾಸಲು ಬಿಳುಪು, ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲಾಗಿ ಬಿಡುವುವು. ಕಾಯಿ ಚಪ್ಪಟೆಯಾಗಿ ಸ್ವಲ್ಪ ಬಾಗಿರುವುದು. ಕಗ್ಗಲಿಯ ಮುಳ್ಳು ಗಿಡ್ಡ ಕೊಕ್ಕೆ. ಅದರ ಹೂ ಚೆಂಡಲ್ಲ, ತೆನೆ. ಕಾಯಿ ತೆಳುವಾಗಿ ಹಾಳೆಯಂತಿದ್ದು ಒಣಗಿದಾಗ ಎರಡು ಹೋಳಾಗಿ ಬಿರಿಯುವುದು. ಸೀಗೆಯು ಮರವಲ್ಲ, ಕೊಕ್ಕೆಮುಳ್ಳಿನಿಂದ ಹಿಡಿದು ಹಿಡಿದು ಹತ್ತುವ ದೊಡ್ಡ ಬಳ್ಳಿ.

ಇವೆಲ್ಲವನ್ನೂ ಬಹುಕಾಲ ಸಸ್ಯಶಾಸ್ತ್ರಜ್ಞರು ‘ಅಕೇಶಿಯಾ’ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಲಿನೇಯಸನು ೧೭೫೩ರಲ್ಲಿ ಗೊಬ್ಬಳಿಯನ್ನು ನಾಚಿಕೆಮುಳ್ಳಿನ ಜೊತೆಗೆ ಸೇರಿಸಿ ‘ಮೈಮೋಸಾ ನೈಲೋಟಿಕಾ’ ಎಂದು ಹೆಸರಿಟ್ಟಿದ್ದನು. ಮರುವರ್ಷ ಫಿಲಿಪ್ ಮಿಲ್ಲರನು ಅಕೇಶಿಯಾ ಕುಲವನ್ನು ಬೇರೆಮಾಡಿದನು. ಮುಂದೆ ಆಸ್ಟ್ರೇಲಿಯಾ ಖಂಡದಲ್ಲಿ ಈ ಕುಲಕ್ಕೆ ಸೇರಿದ ಗಿಡಗಳು ಸಾವಿರದಷ್ಟು ದೊರೆತುವು. ಅವುಗಳಿಗೂ ನಮ್ಮ ಜಾಲಿಗಳಿಗೂ ಬಹಳ ಅಂತರವಿರುವುದರಿಂದ ಕುಲವನ್ನು ಒಡೆಯಬೇಕೆಂದು ೧೯೮೬ರಲ್ಲಿ ಪೆಡ್ಲಿ ಎಂಬ ವಿದ್ವಾಂಸರು ಸೂಚಿಸಿದರು. ಒಡೆದ ಮೇಲೆ ಹಳೆಯ ಹೆಸರು ಯಾರ ಪಾಲಿಗೆ ಎಂಬ ವ್ಯಾಜ್ಯ ಹುಟ್ಟಿತು. ೨೦೦೫ರಲ್ಲಿ ವಿಯೆನ್ನಾದಲ್ಲಿಯೂ ೨೦೧೧ರಲ್ಲಿ ಮೆಲ್ಬರ್ನಿನಲ್ಲಿಯೂ ಕೂಡಿದ ಸಸ್ಯಶಾಸ್ತ್ರಜ್ಞರ ಮಹಾಸಭೆಗಳು ಆ ಹೆಸರನ್ನು ಆಸ್ಟ್ರೇಲಿಯಾದ ಗಿಡಗಳಿಗೆ ಕೊಟ್ಟುವು. ಈಗ ನೆಟ್ಟಗಿನ ಜೋಡಿಮುಳ್ಳಿನ ಕರಿಜಾಲಿ, ಬಿಳಿಜಾಲಿ, ಕಸ್ತೂರಿಜಾಲಿಗಳು ‘ವೆಚೆಲ್ಲಿಯಾ’ ಎಂಬ ಕುಲಕ್ಕೂ, ಕೊಕ್ಕೆಮುಳ್ಳಿನ ಕಗ್ಗಲಿ, ಸೀಗೆಗಳು ‘ಸೆನೆಗಾಲಿಯಾ’ ಎಂಬ ಕುಲಕ್ಕೂ ಸೇರಿವೆ. ಯಾವ ಮರದಿಂದ ಹೆಸರು ಹುಟ್ಟಿತೋ ಆ ಮರಕ್ಕೇ ಹೆಸರು ತಪ್ಪಿಹೋಯಿತು. ಮಹಾಸಭೆಗಳು ಏನನ್ನೇ ನಿರ್ಣಯಿಸಲಿ, ಕೆಂಗೇರಿಯಲ್ಲಿ ಗೊಬ್ಬಳಿಯು ಗೊಬ್ಬಳಿಯಾಗಿಯೇ ಇರುವುದು.

ನಗರದ ಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ‘ಅಕೇಶಿಯಾ’ ಎಂದು ಜನರು ಕರೆಯುವ ಮುಳ್ಳಿಲ್ಲದ ಮರವು ಈ ಆಸ್ಟ್ರೇಲಿಯಾದ ಪಂಗಡದ್ದು. ಅದರ ಶಾಸ್ತ್ರೀಯ ನಾಮ ‘ಅಕೇಶಿಯಾ ಆರಿಕ್ಯುಲಿಫಾರ್ಮಿಸ್’. ಅದರಲ್ಲಿ ಎಲೆಯಂತೆ ಕಾಣುವುದು ಎಲೆಯಲ್ಲ. ಎಲೆಯ ತೊಟ್ಟೇ ಅಗಲವಾಗಿ ಕುಡುಗೋಲಿನಂತೆ ಬಾಗಿರುವುದು. ೧೯೪೬ರಲ್ಲಿ ಬಂಗಾಳದ ಮಾರ್ಗವಾಗಿ ಭರತಖಂಡಕ್ಕೆ ಬಂದು, ೧೯೮೦ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಕರ್ನಾಟಕದಲ್ಲಿ ಬಹುವಾಗಿ ಹರಡಿತು. ಬಳ್ಳಾರಿ ಜಾಲಿಯಂತೂ ಈ ಬಳಗಕ್ಕೆ ಸೇರಿದುದೇ ಅಲ್ಲ. ಅದು ಅಮೆರಿಕಾ ಖಂಡದ ಗಿಡ; ೧೮೭೭ರ ಸುಮಾರಿಗೆ ಸೌದೆಗೆಂದು ಈ ದೇಶಕ್ಕೆ ತರಿಸಲ್ಪಟ್ಟುದು. ಅದರ ಹೂ ತೆನೆಯಾಗಿರುವುದು, ಕಾಯಿ ಹಳದಿಯಾಗಿ ಸಿಹಿಯಾಗಿರುವುದು. ಗೊಬ್ಬಳಿಯ ಕಾಯಿಯಾದರೋ ಒಗರು. ಸಂದೇಹವಿದ್ದವರು ಈ ಗುರುತನ್ನು ನೋಡಿಕೊಳ್ಳಬಹುದು.

ಇನ್ನು ಬೀಜದ ಸಂಚಾರದ ವಿಷಯ. ಜಾಲಿಯ ಒಳಿತು ಕೆಡಕುಗಳೆರಡೂ ಇದರಲ್ಲಿ ಅಡಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಕಗ್ಗಲಿಯ ಕಾಯಿ ಹಗುರವಾದುದರಿಂದ ಅದಕ್ಕೆ ಗಾಳಿಯೇ ವಾಹನ. ಆಸ್ಟ್ರೇಲಿಯಾದ ಅಕೇಶಿಯಾದ ಕಾಯಿ ಸುರುಳಿಯಾಗಿ ಬಿರಿದಾಗ ಕಪ್ಪು ಬೀಜವು ಕಿತ್ತಳೆ ಬಣ್ಣದ ಎಳೆಯೊಂದರಿಂದ ನೇತಾಡುವುದು. ಆ ಬಣ್ಣಕ್ಕೆ ಹಕ್ಕಿಗಳು ಬಂದು ನುಂಗಿ ದೂರಕ್ಕೆ ಒಯ್ಯುವುವು. ಗೊಬ್ಬಳಿಯ ಕಾಯಿ ಮಾತ್ರ ಒಣಗಿದರೂ ಬಿರಿಯದು. ಬೇಸಿಗೆಯಲ್ಲಿ ಹುಲ್ಲು ಬತ್ತಿ ಹೊಲ ಬೋಳಾಗಿರುವಾಗ ಅದು ಇಡಿಯಾಗಿ ನೆಲಕ್ಕೆ ಬೀಳುವುದು. ಆಡು, ಕುರಿ, ದನಗಳು ಅದನ್ನು ಆಸೆಯಿಂದ ತಿನ್ನುವುವು. ಒಳಗಿನ ಬೀಜದ ಸಿಪ್ಪೆ ಬಹಳ ಗಟ್ಟಿ. ನೀರು ಸುಲಭವಾಗಿ ಇಳಿಯದು. ಪಶುವಿನ ಹೊಟ್ಟೆಯಲ್ಲಿ ಆ ಸಿಪ್ಪೆ ಸವೆದು, ಬೀಜವು ಗೊಬ್ಬರದೊಡನೆ ಹೊರಬಿದ್ದು, ಮುಂಗಾರಿನ ಮೊದಲ ಹದಕ್ಕೆ ಮೊಳೆಯುವುದು. ಕಾಯಿಯನ್ನು ಕೊರೆಯುವ ಹುಳುಗಳಿಂದಲೂ ಬೀಜಕ್ಕೆ ಇದರಿಂದ ಸ್ವಲ್ಪ ಬಿಡುಗಡೆ ದೊರೆಯುವುದುಂಟು, ಏಕೆಂದರೆ ಬೇಗ ತಿಂದ ಕಾಯಿಯಲ್ಲಿ ಎಳೆಯ ಹುಳು ಸತ್ತುಹೋಗುವುದು.

ಎಲ್ಲ ಪಶುಗಳೂ ಈ ಕೆಲಸವನ್ನು ಸಮನಾಗಿ ಮಾಡುವುದಿಲ್ಲ. ಕುರಿಯು ಕಾಯಿಯನ್ನು ಚೆನ್ನಾಗಿ ಅಗಿದು ಬಹುಪಾಲು ಬೀಜವನ್ನು ಪುಡಿಮಾಡುವುದು. ಆಡು ಮೆಲುಕುಹಾಕುವಾಗ ಬೀಜವನ್ನು ಉಗುಳುವುದು. ಆದುದರಿಂದಲೇ ರೊಪ್ಪದಲ್ಲಿ ಬೆಳಗ್ಗೆ ಗುಡಿಸಿದರೆ ಶುದ್ಧವಾದ ಬೀಜ ಸಿಕ್ಕುವುದು. ದನವು ಹೆಚ್ಚು ಅಗಿಯದೆ ನುಂಗುವುದರಿಂದ ಅದರ ಸಗಣಿಯಲ್ಲಿ ಜೀವವುಳ್ಳ ಬೀಜ ಎಲ್ಲಕ್ಕಿಂತ ಹೆಚ್ಚು.

ಈ ಭೇದವನ್ನು ಲಘುವಾಗಿ ಎಣಿಸಿದ ದೇಶವೊಂದು ಭಾರಿ ದಂಡ ತೆತ್ತಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಪ್ರಾಂತಕ್ಕೆ ನಮ್ಮ ಗೊಬ್ಬಳಿಯನ್ನು ೧೮೯೦ರ ದಶಕದಲ್ಲಿ ನೆರಳಿಗೆಂದು ಒಯ್ದರು. ೧೯೨೬ರಲ್ಲಿ ಅಲ್ಲಿಯ ವ್ಯವಸಾಯ ಇಲಾಖೆಯೇ ಅದನ್ನು ಕುರಿಗಳ ನೆರಳಿಗೂ ಮೇವಿಗೂ ಶಿಫಾರಸು ಮಾಡಿತು. ಕುರಿಗಳಿದ್ದಷ್ಟು ದಿನ ಮರ ಮಿತಿಯಲ್ಲಿತ್ತು. ೧೯೭೦ರ ದಶಕದಲ್ಲಿ ಉಣ್ಣೆಯ ಬೆಲೆ ಇಳಿದು ರೈತರು ಕುರಿಯನ್ನು ಬಿಟ್ಟು ದನವನ್ನು ಹಿಡಿದರು. ಅದೇ ಕಾಲಕ್ಕೆ ಒಳ್ಳೆಯ ಮಳೆಗಳೂ ಆದುವು. ಇಂದು ಅಲ್ಲಿ ಅರುವತ್ತು ಲಕ್ಷ ಹೆಕ್ಟೇರಿಗಿಂತ ಹೆಚ್ಚು ಹುಲ್ಲುಗಾವಲಿನಲ್ಲಿ ಗೊಬ್ಬಳಿಯು ಕಳೆಯಾಗಿ ನಿಂತಿದೆ. ಇಲಾಖೆಗಳು ಕೊಡುವ ಸಲಹೆಗೂ ಅವಧಿಯುಂಟೆಂಬುದನ್ನು ಇಲ್ಲಿ ಗಮನಿಸಬಹುದು. ಈ ದೇಶದಲ್ಲಿ ಬಳ್ಳಾರಿ ಜಾಲಿಯು ಹರಡಿದುದೂ ಇದೇ ಬಗೆಯಲ್ಲಿ, ಸಿಹಿಯಾದ ಕಾಯಿಯನ್ನು ತಿಂದ ಪಶುಗಳ ಮೂಲಕವೇ. ಅದರ ಕಾಯಿ ಬೀಳುವ ಕಾಲದಲ್ಲಿ ದನಗಳನ್ನು ಅಲ್ಲಿ ಮೇಯಿಸಿ ಅವುಗಳ ಗೊಬ್ಬರವನ್ನು ಕೊಳೆಯಿಸದೆ ನೇರವಾಗಿ ಹೊಲಕ್ಕೆ ಹೊಡೆಯುವುದು ಎಂದರೆ ಕಳೆಯನ್ನು ಕೈಯಾರೆ ಬಿತ್ತಿದಂತೆ. ಗೊಬ್ಬರವನ್ನು ಗುಂಡಿಯಲ್ಲಿ ಹಾಕಿ ಚೆನ್ನಾಗಿ ಕಾವೇರಿ ಕಳಿಯುವಂತೆ ಮಾಡತಕ್ಕದ್ದು.

ರಾಜಾಜಿನಗರದ ಕಡೆ ಇದಕ್ಕೆ ಪ್ರತಿಯಾದ ಸ್ಥಿತಿ. ೧೯೪೯ರಲ್ಲಿ ಆ ಬಡಾವಣೆಗೆ ಅಸ್ತಿಭಾರವಾಯಿತು. ತರುವಾಯ ವಿಜಯನಗರ, ಬಸವೇಶ್ವರನಗರಗಳು ಬೆಳೆದು ಹೊಲ ಗೋಮಾಳಗಳು ಮನೆಗಳಾದುವು. ಕುರಿಮಂದೆಗಳು ಹೋದ ಮೇಲೆ ಗೊಬ್ಬಳಿಯ ಕಾಯಿಯನ್ನು ಹೊರುವವರಿಲ್ಲ. ಡಾಂಬರಿನ ಮೇಲೆ ಬಿದ್ದ ಕಾಯಿ ಗಾಡಿಗಳ ಕೆಳಗೆ ಪುಡಿಯಾಗುವುದು. ಹಕ್ಕಿಗಳಿಗೆ ಒಪ್ಪಿದ ಅಕೇಶಿಯಾ ಮಾತ್ರ ಊರಿನಲ್ಲಿಯೂ ತಾನಾಗಿ ಮೊಳೆಯಬಲ್ಲುದು. ಆದುದರಿಂದ ಈ ಭಾಗದಲ್ಲಿ ಹಳೆಯ ಗೊಬ್ಬಳಿಯೊಂದು ಉಳಿದಿದ್ದರೆ ಅದರ ಸಂತಾನವು ಮನುಷ್ಯನ ಕೈಯಿಂದಲೇ ಆಗಬೇಕು.

ಉಪಯೋಗಗಳಲ್ಲಿ ಮೊದಲನೆಯದು ಮರಮುಟ್ಟು. ಗೊಬ್ಬಳಿಯ ಚೇಗು ಕೆಂಪು, ಗಟ್ಟಿ, ಪೆಟ್ಟನ್ನು ತಾಳುವುದು. ಎತ್ತಿನ ಗಾಡಿಯ ಚಕ್ರಕ್ಕೂ, ನೇಗಿಲು, ನೊಗ, ಕುಂಟೆ, ಕೂರಿಗೆಗಳಿಗೂ, ಗುದ್ದಲಿಯ ಕಾವಿಗೂ ಈ ಸೀಮೆಯ ಬಡಗಿಗಳು ಇದನ್ನು ಮೆಚ್ಚುತ್ತಿದ್ದರು. ರಬ್ಬರ್ ಗಾಲಿಯೂ ಟ್ರಾಕ್ಟರೂ ಬಂದ ಮೇಲೆ ಈ ಬೇಡಿಕೆ ಬಹುಮಟ್ಟಿಗೆ ನಿಂತಿತು. ಸೌದೆಗೂ ಇದ್ದಲಿಗೂ ಮಾತ್ರ ಈಗಲೂ ಇದಕ್ಕೆ ಸಾಟಿಯಾದ ಮರಗಳು ಕಡಮೆ. ತೊಗಟೆಯಲ್ಲಿ ನೂರಕ್ಕೆ ೧೨ರಿಂದ ೨೦ ಭಾಗದವರೆಗೆ ಒಗರಿನ ಸಾರವಿದ್ದು ಚರ್ಮವನ್ನು ಹದಮಾಡಲು ಒದಗುವುದು. ಉತ್ತರದಲ್ಲಿ ಕಾನಪುರದ ಚರ್ಮೋದ್ಯಮವು ಇದನ್ನು ನೆಚ್ಚಿಕೊಂಡಿತ್ತು. ದಕ್ಷಿಣದವರು ತಂಗಡಿಯ ತೊಗಟೆಯನ್ನೇ ಹೆಚ್ಚಾಗಿ ಬಳಸಿದರು. ಗೊಬ್ಬಳಿಯ ಅಂಟು ಸುಡಾನಿನಿಂದ ಬರುವ ಅರಬ್ಬೀ ಗೋಂದಿಗೆ ಸಮನಲ್ಲ. ಆದರೂ ಕೆಲಸಕ್ಕೆ ಬರುವುದು. ಎಳೆಯ ಕಡ್ಡಿ ಹಲ್ಲುಜ್ಜಲು, ಮುಳ್ಳುಕಂಪೆ ಬೇಲಿಗೆ. ಕಗ್ಗಲಿಯ ಚೇಗನ್ನು ಚಕ್ಕೆಮಾಡಿ ಕುದಿಸಿ ಇಂಗಿಸಿದರೆ ವೀಳ್ಯದೊಡನೆ ತಿನ್ನುವ ಕಾಚು ಬರುವುದು. ಸೀಗೆಕಾಯಿಯ ಉಪಯೋಗವನ್ನು ಮನೆಯ ಹೆಂಗಸರಿಗೆ ಹೇಳಬೇಕಾದುದಿಲ್ಲ.

ಬಿಳಿಜಾಲಿಯ ತೊಗಟೆಯನ್ನು ಹಿಂದೆ ಸಾರಾಯಿ ಕಾಯಿಸುವವರು ಬಳಸುತ್ತಿದ್ದರು. ಇದಕ್ಕಿಂತ ಮುಖ್ಯವಾದುದೆಂದರೆ, ಇದರ ಎಲೆಯಲ್ಲಿಯೂ ಕಾಯಿಯಲ್ಲಿಯೂ ಹೈಡ್ರೋಸಯಾನಿಕ್ ಆಮ್ಲವೆಂಬ ಉಗ್ರವಾದ ವಿಷವು ಉತ್ಪತ್ತಿಯಾಗುವ ಸಂಭವವುಂಟು. ಸ್ವಲ್ಪವನ್ನು ಬೇರೆ ಮೇವಿನೊಡನೆ ಕೊಟ್ಟರೆ ಸಾಮಾನ್ಯವಾಗಿ ಬಾಧಕವಿಲ್ಲ. ಆದರೆ ಬೇಸಿಗೆಯಲ್ಲಿ ಹಸಿದ ಮಂದೆಯನ್ನು ಬಿಳಿಜಾಲಿಯ ಕೆಳಗೆ ಬಿಟ್ಟು ಹೊಟ್ಟೆತುಂಬ ತಿನ್ನಿಸುವುದು ಅಪಾಯ. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಪಶುವು ಏದುಸಿರು ಬಿಡುತ್ತ ತತ್ತರಿಸಿ ಬಿದ್ದರೆ ಮಿಕ್ಕವನ್ನು ಕೂಡಲೆ ಅಲ್ಲಿಂದ ಹೊಡೆದು, ತಡಮಾಡದೆ ಪಶುವೈದ್ಯರನ್ನು ಕರೆತರತಕ್ಕದ್ದು. ಆಡುಗಳನ್ನು ಕಾಯುವ ಹುಡುಗರಿಗೆ ಕರಿಜಾಲಿ ಬಿಳಿಜಾಲಿಗಳ ಭೇದವನ್ನು ಮರದ ಬುಡದಲ್ಲಿ ನಿಲ್ಲಿಸಿ ತೋರಿಸಿಕೊಟ್ಟಿರುವುದು ಒಳ್ಳೆಯದು.

ಗೊಬ್ಬಳಿಯನ್ನು ಬೆಳೆಸಲು ಇಚ್ಛೆಯುಳ್ಳವರು ಆಡಿನ ರೊಪ್ಪದಿಂದ ಬೀಜವನ್ನು ಆರಿಸಬೇಕು. ಅದು ಸಿಕ್ಕದಿದ್ದರೆ ಕಾಯಿಯನ್ನು ಕುಟ್ಟಿ ಬೀಜ ತೆಗೆದು, ಅದರ ಮೇಲೆ ಕುದಿಯುವ ನೀರನ್ನು ಹೊಯ್ದು, ಅದೇ ನೀರು ಆರಿ ಒಂದು ದಿನ ನೆನೆಯುವಂತೆ ಬಿಡಬೇಕು. ಉಬ್ಬಿದ ಬೀಜವನ್ನು ಮುಂಗಾರಿನ ಆರಂಭದಲ್ಲಿ ಅರ್ಧ ಅಂಗುಲ ಆಳಕ್ಕೆ, ಗುಣಿಗೆ ಎರಡು ಮೂರರಂತೆ, ನಿಲ್ಲತಕ್ಕ ಜಾಗದಲ್ಲಿಯೇ ಊರಬೇಕು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟ ಸಸಿ ಬದುಕುವುದು ವಿರಳ. ಒಟ್ಟಲಿನಲ್ಲಿ ಬೆಳೆಸುವುದಾದರೆ ಚೀಲದಲ್ಲಿ ಬೆಳೆಸಿ ಮಣ್ಣಿನ ಹೆಂಟೆಯೊಡನೆ ನೆಡತಕ್ಕದ್ದು. ಕೆರೆಯ ಅಂಗಳದ ಆಳವಾದ ಎರೆಮಣ್ಣು ಇದಕ್ಕೆ ಉತ್ತಮ. ಕೆಲವು ಕಾಲ ನೀರಿನಲ್ಲಿ ನಿಂತರೂ ಸಾಯದು. ಜಲ್ಲಿಯ ಬರಡು ನೆಲಕ್ಕೆ ಬಿಳಿಜಾಲಿಯೇ ಮೇಲು. ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕ ಸೇರುವುದು ನಿಜವಾದರೂ ನೆರಳಿನಲ್ಲಿ ರಾಗಿಯು ಸೊರಗುವುದರಿಂದ, ಹೊಲದ ನಡುವೆ ಬಿಡದೆ ಉತ್ತರದ ಬದುವಿನ ಮೇಲೆ ಬೆಳೆಸಿ ಕೆಳಗಿನ ಕೊಂಬೆಗಳನ್ನು ಸವರುತ್ತಿರಬೇಕು.

ಬೆಳೆದ ಮರವನ್ನು ಕಡಿಯುವ ಮೊದಲು ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪ್ಪಣೆ ಬೇಕೇ ಎಂಬುದನ್ನು ವೃಕ್ಷಾಧಿಕಾರಿಗಳಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಅರ್ಜಿಯಲ್ಲಿ ಬರಿದೆ ‘ಜಾಲಿ’ ಎಂದು ಬರೆಯದೆ, ಕರಿಜಾಲಿ, ಬಿಳಿಜಾಲಿ, ಬಳ್ಳಾರಿ ಜಾಲಿ ಎಂದು ಜಾತಿಯನ್ನು ಸ್ಪಷ್ಟವಾಗಿ ಕಾಣಿಸಬೇಕು.