ಹಳೆಯ ಮರದ ಅಗ್ಗವೂ ಕುಟ್ಟೆಯ ಲೆಕ್ಕವೂ

ಮೈಸೂರಿನ ಅಗ್ರಹಾರದಂತಹ ಹಳೆಯ ಬಡಾವಣೆಗಳಲ್ಲಿ ಮನೆಗಳನ್ನು ಕೆಡವಿದಾಗ ತೇಗ, ಹೊನ್ನೆ, ಹಲಸಿನ ಕಂಬ, ತೊಲೆ, ಬಾಗಿಲುಗಳು ಹಳೆಯ ಮರದ ವ್ಯಾಪಾರಿಗಳ ಕೈ ಸೇರುತ್ತವೆ. ಚೆನ್ನಾಗಿ ಒಣಗಿದ ಈ ಮರ ಹೊಸ ಮರಕ್ಕಿಂತ ಅಗ್ಗವಾಗಿ ದೊರೆಯುವುದರಿಂದ ಸಣ್ಣ ಪೀಠೋಪಕರಣ ತಯಾರಕರು ಅದನ್ನು ಬಯಸುವುದು ಸಹಜ. ಆದರೆ ಅದರೊಳಗೆ ಅಡಗಿರುವ ವೆಚ್ಚವೊಂದನ್ನು ಅನೇಕರು ಗಣಿಸುವುದಿಲ್ಲ.

ನಾನು ಲೆಕ್ಕಪತ್ರ ನೋಡುವ ತಯಾರಕರೊಬ್ಬರು ಇಂತಹ ತೊಲೆಗಳಿಂದ ಊಟದ ಮೇಜುಗಳನ್ನು ಮಾಡಿ ಮಾರಿದರು. ಎಂಟು ತಿಂಗಳ ನಂತರ ಗ್ರಾಹಕರೊಬ್ಬರ ಮನೆಯಲ್ಲಿ ಮೇಜಿನ ಕೆಳಗೆ ಹಿಟ್ಟಿನಂತಹ ಪುಡಿ ಉದುರತೊಡಗಿತು. ಹಣ ಮರಳಿಸಬೇಕಾಯಿತು. ಅಷ್ಟರಲ್ಲಿ ಗೋದಾಮಿನ ಮಾವಿನ ಹಲಗೆಗಳಿಗೂ ಕುಟ್ಟೆ ಹಿಡಿದಿತ್ತು.

ಕುಟ್ಟೆಹುಳುವಿನ ಮರಿ ಮರದೊಳಗೇ ಕೊರೆಯುತ್ತ ಬೆಳೆಯುತ್ತದೆ. ಕೀಟವಾಗಿ ಹೊರಬರುವಾಗ ಮಾತ್ರ ತೂತು ಕಾಣುತ್ತದೆ. ಆದ್ದರಿಂದ ಮೇಲ್ಮೈ ನುಣುಪಾಗಿದ್ದ ಮಾತ್ರಕ್ಕೆ ಮರ ಶುದ್ಧವೆನ್ನಲಾಗದು. ಸಾಮಾನ್ಯ ಕುಟ್ಟೆ ತಗಲುವುದು ಹೊರಗಿನ ಬಿಳಿ ಭಾಗಕ್ಕೆ. ತೇಗ, ಬೀಟೆಗಳ ಚೇಗು ಬಹುಮಟ್ಟಿಗೆ ಸುರಕ್ಷಿತ.

ಕೆಲಸಕ್ಕೆ ಮೊದಲು ಅನುಸರಿಸಬೇಕಾದ ಕ್ರಮಗಳು ಇವು:

1. ಬಂದ ಮರವನ್ನು ಬೇರೆಯಾಗಿಡಿ. ಮೊಳೆ, ಗಾರೆ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಗಮನಿಸಿ. ಹೊಸ ಪುಡಿ ಬಿದ್ದರೆ ಹುಳು ಜೀವಂತವಾಗಿದೆ ಎಂದೇ ತಿಳಿಯಿರಿ.

2. ಬಿಳಿ ಭಾಗವನ್ನು ಕೆತ್ತಿ ತೆಗೆದು ಸುಟ್ಟುಬಿಡಿ.

3. ಒಳಗಿನ ಹುಳು ಸಾಯಲು ಶಾಖ ಬೇಕು. ರಫ್ತಿನ ಮರದ ಪೆಟ್ಟಿಗೆಗಳಿಗಿರುವ ಅಂತರರಾಷ್ಟ್ರೀಯ ನಿಯಮದಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲಪಿ 30 ನಿಮಿಷ ಹಾಗೆಯೇ ಇರಬೇಕು. ದಪ್ಪ ತೊಲೆಗೆ ಇದು ಹಲವು ಗಂಟೆಗಳ ಕೆಲಸ.

4. ಶಾಖ ಮುಂದಿನ ರಕ್ಷಣೆ ನೀಡದು. ಬೋರಾಕ್ಸ್ 1.5 ಪಾಲು, ಬೋರಿಕ್ ಆಮ್ಲ 1 ಪಾಲು ಸೇರಿಸಿದ ದ್ರಾವಣವನ್ನು ಉಜ್ಜುಗೊರಡು ಹಿಡಿದ ನಂತರ, ಪಾಲಿಶ್‌ಗೆ ಮೊದಲು ಹಚ್ಚಬೇಕು. ಒಣ ಮರದಲ್ಲಿ ಇದು ಆಳಕ್ಕೆ ಇಳಿಯದು. ಮೊದಲೇ ಹಚ್ಚಿದರೆ ಉಜ್ಜುವಾಗ ಹೋಗಿಬಿಡುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಒಳಾಂಗಣದ ವಸ್ತುಗಳಿಗೆ ಮಾತ್ರ ಸೂಕ್ತ. ಆಹಾರ ತಾಗುವ ಮೇಲ್ಮೈಗೆ ಬೇಡ. ಕೆಲಸಗಾರರಿಗೆ ಕೈಗವಸು ಅಗತ್ಯ.

ಇನ್ನು ಲೆಕ್ಕದ ವಿಚಾರ. ಉದಾಹರಣೆಗೆ, ಘನ ಅಡಿಗೆ ರೂ. 1,500ರಂತೆ 40 ಘನ ಅಡಿ ಕೊಂಡಿರಿ ಎನ್ನೋಣ: ರೂ. 60,000. ಬಿಳಿ ಭಾಗವೆಂದು 6 ಘನ ಅಡಿ ಹೋಯಿತು, ಸಂಸ್ಕರಣೆಗೆ ರೂ. 8,000 ತಗಲಿತು. ಉಳಿದ 34 ಘನ ಅಡಿಯ ನಿಜವಾದ ದರ ರೂ. 2,000. ಮಾರಾಟದ ಬೆಲೆ ನಿಗದಿಯಾಗಬೇಕಾದದ್ದು ಈ ದರದ ಮೇಲೆ.

ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಸಂಸ್ಕರಣೆಯ ವೆಚ್ಚ, ಸಹಜ ನಷ್ಟ ದಾಸ್ತಾನಿನ ಮೌಲ್ಯಕ್ಕೆ ಸೇರುತ್ತವೆ. ಅಸಹಜ ನಷ್ಟ ನೇರವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಕುಟ್ಟೆ ಹಿಡಿದ ದಾಸ್ತಾನನ್ನು ಲೆಕ್ಕದಿಂದ ತೆಗೆದುಹಾಕಿದರೆ, 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ಅದರ ಹೂಡುವಳಿ ತೆರಿಗೆ ಜಮೆಯನ್ನೂ ಬಿಟ್ಟುಕೊಡಬೇಕು. ಮರದೊಡನೆ ತೆರಿಗೆಯ ಹಣವೂ ಹೋಗುತ್ತದೆ.

ಸಂದೇಹವಿದ್ದವರು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತಜ್ಞರನ್ನು ವಿಚಾರಿಸಬಹುದು. ಮುಂದಿನ ಸಲ ಹಳೆಯ ತೊಲೆಯ ಬೆಲೆ ಚೌಕಾಸಿ ಮಾಡುವಾಗ, ಸಂಸ್ಕರಣೆಯ ವೆಚ್ಚವನ್ನು ಮೊದಲೇ ಕೂಡಿಸಿಕೊಂಡು ಮಾತಿಗಿಳಿಯುವುದು ಸದಸ್ಯರಿಗೆ ಕ್ಷೇಮ.